ಬೆಕ್ಕು ಹೀಗೇಕೆ ಮಾಡುತ್ತಿದೆ? ಬೆಂಗಳೂರಿನ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಹಾಸಿಗೆ ಮೇಲೆ ಉಚ್ಚೆ ಹೊಯ್ದ ಬೆಕ್ಕನ್ನು ನೋಡಿ "ಸೇಡು ತೀರಿಸಿಕೊಂಡಿತು" ಎನ್ನುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತಾರೆ. ಹಾಗಂದುಕೊಂಡು ಎರಡು ದಿನ ಬೈದು ಸುಮ್ಮನಿದ್ದರೆ, ಮೂತ್ರನಾಳ ಕಟ್ಟಿಕೊಂಡ ಗಂಡು ಬೆಕ್ಕು ಅಷ್ಟರಲ್ಲಿ ಸತ್ತೇ ಹೋಗಬಹುದು. ಇನ್ನೊಂದು ಕಡೆ, ನಡುರಾತ್ರಿ ಹಾಲ್‌ನಿಂದ ಅಡುಗೆಮನೆಗೆ ಕುದುರೆಯ ಹಾಗೆ ಓಡುವ ಬೆಕ್ಕಿಗೆ ಗಾಳಿ ಸೋಕಿದೆಯೆಂದು ದೃಷ್ಟಿ ತೆಗೆಯುವವರೂ ಇದ್ದಾರೆ. ಅದಕ್ಕೆ ಏನೂ ಆಗಿರುವುದಿಲ್ಲ. ಬೆಕ್ಕಿನ ವಿಚಿತ್ರಗಳಲ್ಲಿ ನಕ್ಕು ಬಿಡುವಂಥದ್ದು ಯಾವುದು, ಆಟೊ ಹಿಡಿದು ಆಸ್ಪತ್ರೆಗೆ ಓಡುವಂಥದ್ದು ಯಾವುದು ಎಂದು ಬೇರೆ ಮಾಡಿ ತೋರಿಸುವುದಕ್ಕೆ ಈ ಕೈಪಿಡಿ.

ಮೊದಲು ದೇಹ, ಆಮೇಲೆ ಜಾಗ, ಕೊನೆಗೆ ಹೊತ್ತು

ಲಕ್ಷಣ ಯಾವುದೇ ಇರಲಿ, ನೋಡುವ ಕ್ರಮ ಇದೇ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ನಾಯಿ ಕುಂಯ್‌ಗುಡುವ ಕಡೆ ಬೆಕ್ಕು ಸದ್ದಿಲ್ಲದೆ ಮಂಚದಡಿ ಸೇರುತ್ತದೆ. ಹಾಗಾಗಿ ನಡವಳಿಕೆ ಬದಲಾಗುವುದೇ ಎಷ್ಟೋ ಸಲ ಕಾಯಿಲೆಯ ಮೊದಲ ಸುಳಿವು.

ದೇಹ ನೋಡುವುದಕ್ಕೆ ಐದು ನಿಮಿಷ ಸಾಕು. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. 4 ಕೆಜಿ ಬೆಕ್ಕು 400 ಗ್ರಾಂ ಇಳಿಯುವುದೆಂದರೆ 60 ಕೆಜಿ ಮನುಷ್ಯ 6 ಕೆಜಿ ಇಳಿದ ಹಾಗೆ. ಉದ್ದ ಕೂದಲಿನ ಬೆಕ್ಕಿನಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ. ತುಟಿ ಎತ್ತಿ ಒಸಡು ನೋಡಿ, ತಿಳಿ ಗುಲಾಬಿ ಇರಬೇಕು. ಬಿಳಚಿದ್ದರೆ ರಕ್ತ ಕಡಿಮೆ, ಹಳದಿಯಾಗಿದ್ದರೆ ಕಾಮಾಲೆ. ನಿದ್ದೆಯಲ್ಲಿರುವಾಗ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಪೂರ್ತಿ ಒಂದು ನಿಮಿಷ ಎಣಿಸಿ, 30ರೊಳಗೆ ಇರಬೇಕು. ಜೋರು ಆಟದ ನಂತರ ಕ್ಷಣಹೊತ್ತು ಬಾಯಿ ತೆರೆದು ಉಸಿರಾಡಿದರೆ ಇರಲಿ, ಸುಮ್ಮನೆ ಕೂತಲ್ಲೇ ಹಾಗೆ ಏದುಸಿರು ಬಿಟ್ಟರೆ ತಡಮಾಡುವಂತಿಲ್ಲ. ಇಡೀ ಒಂದು ದಿನ ಏನೂ ತಿನ್ನದಿದ್ದರೂ ಹಾಗೆಯೇ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕುಗಳಲ್ಲಂತೂ ಬೇಗ. "ಹಸಿವಾದರೆ ತಾನೇ ತಿನ್ನುತ್ತೆ ಬಿಡಿ" ಎಂಬ ಮಾತು ಬೆಕ್ಕಿಗೆ ಹೊಂದುವುದಿಲ್ಲ.

ಜಾಗ ಎಂದರೆ ಕಳೆದ ಹದಿನೈದು ದಿನಗಳಲ್ಲಿ ಮನೆಯಲ್ಲಿ ಏನು ಬದಲಾಯಿತು ಎಂಬ ಪಟ್ಟಿ. ಊರಿಂದ ನೆಂಟರು ಬಂದರೇ, ನೆಲ ಒರೆಸುವ ದ್ರಾವಣ ಬದಲಾಯಿತೇ, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆಯೇ, ಕಿಟಕಿಯಾಚೆ ಹೊಸ ಬೆಕ್ಕು ಓಡಾಡುತ್ತಿದೆಯೇ. ಹೊತ್ತು ಎಂದರೆ ಏಳು ದಿನ ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಸಮಯ. ಬರೆಯದೆ ನೆನಪಿನ ಮೇಲೆ ಹೇಳಿದರೆ "ಯಾವಾಗಲೂ ಹೀಗೇ ಮಾಡುತ್ತೆ" ಎಂದಾಗುತ್ತದೆ. ಬರೆದು ನೋಡಿದರೆ ದಿನಾ ಬೆಳಗ್ಗೆ 5.10ಕ್ಕೆ ಎಂದು ಗೊತ್ತಾಗುತ್ತದೆ.

ಲಕ್ಷಣ: ಮಲಮೂತ್ರದ ಟ್ರೇ ಬಿಟ್ಟು ಹಾಸಿಗೆ, ಕಾಲೊರಸು, ಬಟ್ಟೆ ಬುಟ್ಟಿಯಲ್ಲಿ ಉಚ್ಚೆ

ಒರೆಸುವ ಮೊದಲು ಕಲೆಯ ಆಕಾರ ನೋಡಿ. ಮೂರು ದೋಷಗಳು ಮೂರು ಥರದ ಗುರುತು ಬಿಡುತ್ತವೆ.

ನಾಣ್ಯದಗಲದ ಸಣ್ಣ ಸಣ್ಣ ಕಲೆ, ಒಮ್ಮೊಮ್ಮೆ ಕೆಂಪು ಛಾಯೆ. ಬೆಕ್ಕು ಗಳಿಗೆಗೊಮ್ಮೆ ಟ್ರೇಗೆ ಹೋಗಿ ಮುಕ್ಕರಿಯುತ್ತದೆ, ಕೂಗುತ್ತದೆ, ಹಿಂಭಾಗ ನೆಕ್ಕಿಕೊಳ್ಳುತ್ತದೆ. ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಲು ಹೋಗಬೇಡಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಮರಳಿನಂಥ ಹರಳು, ಲೋಳೆ ಸೇರಿ ಅಲ್ಲಿ ಬಿರಡೆ ಹಾಕಿದಂತಾಗುತ್ತದೆ. ಮೂತ್ರ ಹೊರಗೆ ಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿದ ಮೇಲೆ ಉಳಿಯುವುದು 24ರಿಂದ 48 ಗಂಟೆ. ಹೊಟ್ಟೆ ಒತ್ತಿ ನೋಡಬೇಡಿ, ತುಂಬಿದ ಚೀಲ ಒಡೆಯಬಹುದು. ವೈದ್ಯರಿಗೆ ಫೋನಿನಲ್ಲೇ "ಗಂಡು ಬೆಕ್ಕು, ಮೂತ್ರ ಕಟ್ಟಿದೆ, ಇಷ್ಟು ಗಂಟೆಯಿಂದ" ಎಂದು ಹೇಳಿ ಹೊರಡಿ. ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದೆಂದು ಇವತ್ತೇ ಹುಡುಕಿ ನಂಬರ್ ಇಟ್ಟುಕೊಳ್ಳಿ, ಅದೂ ನಿಮ್ಮದೇ ದಿಕ್ಕಿನಲ್ಲಿರುವುದು. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಆಸ್ಪತ್ರೆ ಎಷ್ಟು ಒಳ್ಳೆಯದಾದರೂ ಆ ಹೊತ್ತಿಗೆ ದೂರವೇ. ಹೆಣ್ಣು ಬೆಕ್ಕಿನಲ್ಲಿ ಕಟ್ಟಿಕೊಳ್ಳುವುದು ಅಪರೂಪ, ಆದರೂ ಉರಿಮೂತ್ರ ಬರುತ್ತದೆ; ಅದನ್ನೂ ಅದೇ ದಿನ ತೋರಿಸಬೇಕು.

ಎರಡನೆಯದು, ಗೋಡೆ, ಪರದೆ, ಸೋಫಾದ ಬೆನ್ನಿನ ಮೇಲೆ ಒಂದಡಿ ಎತ್ತರದಿಂದ ಇಳಿದ ಗೆರೆ. ಬೆಕ್ಕು ನಿಂತುಕೊಂಡೇ ಬಾಲ ನೆಟ್ಟಗೆ ಮಾಡಿ, ತುದಿ ಅದುರಿಸುತ್ತಾ ಸಿಂಪಡಿಸಿರುತ್ತದೆ. ಇದು ಗಡಿ ಗುರುತು. ಸಂತಾನಹರಣ ಮಾಡಿಸದ ಗಂಡಾದರೆ ಮಾಡಿಸಿ, ಬಹುಪಾಲು ಬೆಕ್ಕುಗಳಲ್ಲಿ ಕೆಲವೇ ವಾರಗಳಲ್ಲಿ ನಿಲ್ಲುತ್ತದೆ. ಮಾಡಿಸಿದ ಮೇಲೂ ಇದ್ದರೆ ಕಲೆಗಳಿರುವ ಕಡೆ ನೋಡಿ: ಎಲ್ಲವೂ ಕಿಟಕಿ, ಬಾಗಿಲ ಬಳಿಯೇ ಇದ್ದರೆ ಹೊರಗಿನ ಬೆಕ್ಕು ಕಾರಣ. ಕಿಟಕಿಯ ಕೆಳಗಿನ ಒಂದೂವರೆ ಅಡಿಗೆ ಮಸುಕು ಕಾಗದ ಅಂಟಿಸಿ ನೋಟ ತಪ್ಪಿಸಿ, ಕಾಂಪೌಂಡಿನಲ್ಲಿ ಊಟ ಹಾಕುವ ಜಾಗವನ್ನು ಕಿಟಕಿಯಿಂದ ದೂರ ಸರಿಸಿ.

ಮೂರನೆಯದು, ಮೆತ್ತಗಿನ ಬಟ್ಟೆಯ ಮೇಲೆ ಸಾಮಾನ್ಯ ಪ್ರಮಾಣದ ಒಂದು ದೊಡ್ಡ ಒದ್ದೆ. ಬೆಕ್ಕು ಆರಾಮಾಗಿದೆ, ತಿನ್ನುತ್ತದೆ, ಆಡುತ್ತದೆ. ಇಲ್ಲಿ ತಪ್ಪು ಟ್ರೇಯದು, ಮತ್ತು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ.

ಟ್ರೇ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಮೂಗಿನಿಂದ ಬಾಲದ ಬುಡದವರೆಗೆ ಅಳೆದು ಒಂದೂವರೆ ಪಟ್ಟು ಮಾಡಿ, 45 ಸೆಂ.ಮೀ. ಬೆಕ್ಕಿಗೆ 65ರಿಂದ 70 ಸೆಂ.ಮೀ. ಉದ್ದ ಬೇಕು. ಅಂಗಡಿಯ "ಕ್ಯಾಟ್ ಟ್ರೇ"ಗಳಲ್ಲಿ ಹೆಚ್ಚಿನವು ಇಷ್ಟಿಲ್ಲ. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದು ಒಂದು ಬದಿಯಲ್ಲಿ ನೆಲದಿಂದ 12 ಸೆಂ.ಮೀ. ಬಿಟ್ಟು ಬಾಗಿಲು ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ. ಮರಿಗೂ ಮಂಡಿನೋವಿನ ಮುದಿ ಬೆಕ್ಕಿಗೂ ಈ ಹೊಸ್ತಿಲು 6–7 ಸೆಂ.ಮೀ. ಮೀರದಿರಲಿ. ಮುಚ್ಚಳ ಹಾಕಬೇಡಿ, ವಾಸನೆ ನಿಮಗೆ ಬರದಿದ್ದರೂ ಒಳಗೆ ಬೆಕ್ಕಿಗೆ ಬಡಿಯುತ್ತದೆ. ತಳದ ಒಳ ಅಳತೆ 55×35 ಸೆಂ.ಮೀ. ಇದ್ದರೆ 5 ಸೆಂ.ಮೀ. ಆಳಕ್ಕೆ ಲಿಟರ್, ಅಂದರೆ ಟ್ರೇಗೆ ತುಂಬುವ ಉಚ್ಚೆ ಹೀರುವ ಪುಡಿ, ಸುಮಾರು 10 ಲೀಟರ್ ಬೇಕು, ಅಂದರೆ ಬೆಂಟೊನೈಟ್ ಜೇಡಿಯಾದರೆ ಹೆಚ್ಚುಕಮ್ಮಿ ಐದು ಕೆಜಿಯ ಎರಡು ಪ್ಯಾಕೆಟ್. ಒಂದೇ ಪ್ಯಾಕೆಟ್ಟನ್ನು ತೆಳ್ಳಗೆ ಹರಡಿ ಉಳಿಸಿದ ದುಡ್ಡು ಹಾಸಿಗೆ ಒಗೆಯುವುದರಲ್ಲಿ ಹೋಗುತ್ತದೆ. ಲ್ಯಾವೆಂಡರ್, ನಿಂಬೆ ಪರಿಮಳದ್ದು ಬೇಡ. ಎಂಟು ವಾರ ತುಂಬದ ಮರಿಗಳು ಲಿಟರನ್ನು ಬಾಯಿಗೆ ಹಾಕಿಕೊಳ್ಳುತ್ತವೆ, ಅವಕ್ಕೆ ಗಡ್ಡೆ ಕಟ್ಟುವ ಜೇಡಿ ಹಾಕಬಾರದು.

ಸಂಖ್ಯೆ: ಬೆಕ್ಕು ಎಷ್ಟೋ ಅಷ್ಟು, ಮೇಲೊಂದು. ಎರಡು ಟ್ರೇ ಅಕ್ಕಪಕ್ಕ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ; ಬೇರೆ ಬೇರೆ ಕೋಣೆಯಲ್ಲಿಡಿ. ದಿನಕ್ಕೆರಡು ಸಲ ಗಡ್ಡೆ ತೆಗೆಯಿರಿ. ಅದನ್ನು ಕಮೋಡಿಗೆ ಹಾಕಬೇಡಿ, ಪೈಪು ಕಟ್ಟುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಟ್ರೇಯ ಜಾಗವೆಂದರೆ ಯುಟಿಲಿಟಿ, ಅದೂ ವಾಷಿಂಗ್ ಮಷಿನ್ ಪಕ್ಕ. ಬೆಕ್ಕು ಕೂತಿರುವಾಗ ಒಂದೇ ಒಂದು ಸಲ ಮಷಿನ್ ಸ್ಪಿನ್‌ಗೆ ಬಂದು ನಡುಗಿದರೆ ಸಾಕು, ಆ ಜಾಗದ ಮೇಲೆ ನಂಬಿಕೆ ಹೋಗುತ್ತದೆ. ದೋಷ ಶುರುವಾದ ದಿನ ಬಟ್ಟೆ ಒಗೆದ ದಿನವೇ ಎಂದು ನೋಡಿ.

ಹೊರಗೆ ಓಡಾಡುವ ಬೆಕ್ಕುಗಳಲ್ಲಿ ಇನ್ನೊಂದು ಕಾರಣ ಉಂಟು. ವರ್ಷಗಟ್ಟಲೆ ಪಕ್ಕದ ಖಾಲಿ ಸೈಟಿಗೆ ಹೋಗುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮನೆಯೊಳಗೆ ಮಾಡಿತು ಎಂದರೆ ಆ ಸೈಟನ್ನು ಹೋಗಿ ನೋಡಿ ಬನ್ನಿ. ಪಾಯ ತೋಡಿರುತ್ತಾರೆ, ಇಲ್ಲವೇ ಮಳೆ ಹಿಡಿದು ಮಣ್ಣು ಕೆಸರಾಗಿರುತ್ತದೆ. ಜಲ್ಲಿ ಬೆರೆಸದ ಒಣ ಮರಳನ್ನೇ ಟ್ರೇಗೆ ಹಾಕಿ ಶುರುಮಾಡಿ. ಅಭ್ಯಾಸವಾದ ಮೇಲೆ ವಾರಕ್ಕೆ ಕಾಲು ಭಾಗದಂತೆ ಲಿಟರ್ ಬೆರೆಸುತ್ತಾ ಬಂದರೆ ಒಂದು ತಿಂಗಳಲ್ಲಿ ಬದಲಾಯಿಸಬಹುದು.

ಇನ್ನು ಒರೆಸುವುದು. ಫಿನಾಯಿಲ್ ಹಾಕಬೇಡಿ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿಕೊಂಡರೂ ಒಳಗೆ ಹೋಗುತ್ತದೆ. ಅಮೋನಿಯಾ ಇರುವ ದ್ರಾವಣಗಳು ಉಚ್ಚೆಯ ವಾಸನೆಯನ್ನೇ ನೆನಪಿಸುತ್ತವೆ. ಬ್ಲೀಚಿಂಗ್ ಪೌಡರ್ ಉಚ್ಚೆಗೆ ಸೇರಿದರೆ ವಿಷಗಾಳಿ. ಒಣ ಬಟ್ಟೆಯಿಂದ ಹೀರಿಸಿ, ತಣ್ಣೀರಿನಿಂದ ತೊಳೆದು, ಎನ್‌ಜೈಮ್ ಇರುವ ಪೆಟ್ ಕ್ಲೀನರ್ ಧಾರಾಳವಾಗಿ ಸುರಿದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನೆನೆಯಲು ಬಿಡಿ. ಆತುರದಲ್ಲಿ ತಕ್ಷಣ ಒರೆಸಿಬಿಡುವುದೇ ಇಲ್ಲಿ ಆಗುವ ತಪ್ಪು. ಹಳೆಯ ಕಲೆಗಳು ಕಾಣದಿದ್ದರೆ ರಾತ್ರಿ ದೀಪ ಆರಿಸಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಟ್ಟು ನೋಡಿ. ಉಚ್ಚೆ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ.

ಲಕ್ಷಣ: ನಡುರಾತ್ರಿಯ ಓಟ, ಬೆಳಗಿನ ಜಾವದ ಕೂಗು

ಬೆಕ್ಕು ಬೇಟೆಯಾಡುವ ಹೊತ್ತು ಮುಂಜಾವು ಮತ್ತು ಮುಸ್ಸಂಜೆ. ದಿನಕ್ಕೆ 12ರಿಂದ 16 ಗಂಟೆ ಮಲಗುವ ಪ್ರಾಣಿ ನೀವು ಆಫೀಸಿನಲ್ಲಿರುವಷ್ಟು ಹೊತ್ತೂ ಮಲಗಿ ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಅದು ಹತ್ತು ನಿಮಿಷದಲ್ಲಿ ಖರ್ಚಾಗುವುದೇ ಈ ಓಟ. ಟ್ರೇಯಿಂದ ಎದ್ದ ಕೂಡಲೇ ಓಡುವುದೂ ಸಾಮಾನ್ಯವೇ.

ಸರಿಪಡಿಸುವುದು ಸುಲಭ. ರಾತ್ರಿ ಮಲಗುವ ಅರ್ಧ ಗಂಟೆ ಮೊದಲು ಕೋಲಿಗೆ ಕಟ್ಟಿದ ಗರಿ ಅಥವಾ ಬಟ್ಟೆಯ ಚೂರಿನಿಂದ 10–15 ನಿಮಿಷ ಆಡಿಸಿ. ಗರಿ ಬೆಕ್ಕಿನ ಕಡೆಗೆ ಬರಬಾರದು, ಅದರಿಂದ ದೂರ ಓಡಬೇಕು, ಕುರ್ಚಿ ಹಿಂದೆ ಅಡಗಬೇಕು. ಯಾವ ಇಲಿಯೂ ತಾನಾಗಿ ಬೆಕ್ಕಿನ ಮೂತಿಗೆ ಬಂದು ಬೀಳುವುದಿಲ್ಲ. ಕೊನೆಗೆ ಹಿಡಿಯಲು ಬಿಡಿ. ತಕ್ಷಣ ದಿನದ ಕೊನೆಯ ಊಟ ಕೊಡಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಇದು ಬೆಕ್ಕಿನ ಹುಟ್ಟು ಕ್ರಮ, ಅದಕ್ಕೆ ನೀವು ಗಡಿಯಾರ ಹೊಂದಿಸುತ್ತಿದ್ದೀರಿ ಅಷ್ಟೇ. ಲೇಸರ್ ದೀಪದಲ್ಲಿ ಆಡಿಸಿದರೆ ಹಿಡಿಯಲು ಏನೂ ಸಿಗದೆ ಬೆಕ್ಕು ಇನ್ನಷ್ಟು ಚಡಪಡಿಸುತ್ತದೆ, ಕೊನೆಗೆ ಚುಕ್ಕಿಯನ್ನು ಒಂದು ತಿಂಡಿಯ ಮೇಲೆ ನಿಲ್ಲಿಸಿ ಮುಗಿಸಿ.

ಬೆಳಗಿನ ಜಾವ ಐದಕ್ಕೆ ಕೂಗಿ ಎಬ್ಬಿಸುವ ಬೆಕ್ಕಿಗೆ ಆ ಹೊತ್ತನ್ನು ಹೇಳಿಕೊಟ್ಟವರು ಹಾಲಿನವರು, ಪೇಪರಿನವರು, ಮತ್ತು ಎದ್ದು ಬಟ್ಟಲು ತುಂಬಿಸಿದ ನೀವು. ಕೂಗಿದಾಗ ಏಳಲೇಬಾರದು. ಹೀಗೆ ನಿಲ್ಲಿಸಿದಾಗ ಮೊದಲ ಕೆಲವು ದಿನ ಕೂಗು ಇನ್ನೂ ಜೋರಾಗುತ್ತದೆ. ಐದನೇ ದಿನ ಸೋತು ಎದ್ದರೆ "ಐದು ದಿನ ಕೂಗಬೇಕು" ಎಂದು ಕಲಿಸಿದ ಹಾಗಾಯಿತು. ಟೈಮರ್ ಇರುವ ಊಟದ ಬಟ್ಟಲು ಇಟ್ಟರೆ ಬೆಕ್ಕು ನಿಮ್ಮನ್ನು ಬಿಟ್ಟು ಬಟ್ಟಲನ್ನು ಕಾಯುತ್ತದೆ.

ಇದೇ ಲಕ್ಷಣದ ಕೆಟ್ಟ ರೂಪ ಹತ್ತು ವರ್ಷ ದಾಟಿದ ಬೆಕ್ಕುಗಳದ್ದು. ರಾತ್ರಿ ಗೋಳಿಡುತ್ತದೆ, ಚೆನ್ನಾಗಿ ತಿನ್ನುತ್ತದೆ, ಆದರೂ ಇಳಿಯುತ್ತಿದೆ ಎಂದರೆ ಥೈರಾಯ್ಡ್ ಪರೀಕ್ಷೆ, ಮೂತ್ರಪಿಂಡದ ರಕ್ತಪರೀಕ್ಷೆ, ರಕ್ತದೊತ್ತಡ, ಮೂರನ್ನೂ ನೋಡಿಸಿ. ಓಡುವಾಗ ಬೆನ್ನಿನ ಚರ್ಮ ಅಲೆಯಂತೆ ಅದುರಿ, ಬಾಲವನ್ನೇ ಕಚ್ಚಿಕೊಂಡರೆ ಮೊದಲು ಚಿಗಟ ಹುಡುಕಿ: ಬಿಳಿ ಕಾಗದದ ಮೇಲೆ ಬಾಚಿ, ಉದುರಿದ ಕಪ್ಪು ಪುಡಿಗೆ ನೀರು ತಾಗಿಸಿ. ಕೆಂಪಾದರೆ ಅದು ಚಿಗಟದ ಹಿಕ್ಕೆ.

ಆರು ತಿಂಗಳ ಹೆಣ್ಣು ಬೆಕ್ಕು ಮಗು ಅತ್ತ ಹಾಗೆ ದಿನವಿಡೀ ಕೂಗಿ, ನೆಲದ ಮೇಲೆ ಹೊರಳಿ, ಹಿಂಭಾಗ ಎತ್ತಿ ಕಾಲು ತುಳಿದರೆ ಹೊಟ್ಟೆನೋವಲ್ಲ, ಬೆದೆ. ಬೆಕ್ಕಿನ ಬೆದೆ ಹಗಲಿನ ಉದ್ದಕ್ಕೆ ಕಟ್ಟುಬಿದ್ದದ್ದು. ಚಳಿ ದೇಶಗಳಲ್ಲಿ ಚಳಿಗಾಲದ ಸಣ್ಣ ಹಗಲಿನಲ್ಲಿ ನಿಂತುಹೋಗುತ್ತದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಹಗಲು ವರ್ಷವಿಡೀ ಹನ್ನೊಂದೂಕಾಲರಿಂದ ಹದಿಮೂರು ಗಂಟೆಯೊಳಗೆ, ಸಾಲದ್ದಕ್ಕೆ ರಾತ್ರಿಯೆಲ್ಲ ಟ್ಯೂಬ್‌ಲೈಟು. ಹಾಗಾಗಿ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಬರುತ್ತಲೇ ಇರುತ್ತದೆ. ಐದರಿಂದ ಆರು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದೊಂದೇ ದಾರಿ. "ಒಂದು ಸಲ ಮರಿ ಹಾಕಲಿ" ಎಂದು ಕಾಯುವುದರಿಂದ ಬೆಕ್ಕಿಗೆ ಯಾವ ಲಾಭವೂ ಇಲ್ಲ.

ಲಕ್ಷಣ: ಖಾಲಿ ಗೋಡೆಯನ್ನು ಅರ್ಧ ಗಂಟೆ ದಿಟ್ಟಿಸುವುದು

ಗೋಡೆ ಖಾಲಿ ಇರುವುದಿಲ್ಲ. ಸ್ವಿಚ್‌ಬೋರ್ಡ್, ಟ್ಯೂಬ್‌ಲೈಟ್ ಪಟ್ಟಿ, ಗಡಿಯಾರದ ಹಿಂದೆ ಹಲ್ಲಿ ಇರುತ್ತದೆ. ಮನುಷ್ಯರಿಗೆ ಕೇಳುವ ಮೇಲಿನ ಮಿತಿ 20 ಕಿಲೊಹರ್ಟ್ಸ್; ಬೆಕ್ಕಿಗೆ ಅದರ ಮೂರು ಪಟ್ಟಿಗಿಂತ ಮೇಲಿನದೂ ಕೇಳುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಮಾತಾಡುವುದು ಆ ಸದ್ದಿನಲ್ಲೇ. ದೀಪ ಆರಿಸಿ ಹತ್ತು ನಿಮಿಷ ಕಾಯಿರಿ, ಕಾರಣ ತಾನೇ ಹೊರಗೆ ಬರುತ್ತದೆ. ಹಲ್ಲಿ ತಿನ್ನುವ ಚಟ ಹತ್ತಿದ ಬೆಕ್ಕಿನ ಮೇಲೆ ಕಣ್ಣಿಡಿ. ನಮ್ಮಂಥ ಬಿಸಿ ನಾಡುಗಳಲ್ಲಿ ಹಲ್ಲಿಯಿಂದ ಬೆಕ್ಕಿನ ಪಿತ್ತನಾಳಕ್ಕೆ ಸೇರುವ ಹುಳುವಿದೆ, ಮಾಮೂಲಿ ಜಂತುಹುಳುವಿನ ಮಾತ್ರೆಗೆ ಅದು ಬಗ್ಗುವುದಿಲ್ಲ. ವಾಂತಿ, ತೂಕ ಇಳಿತ, ಒಸಡಿನಲ್ಲಿ ಹಳದಿ ಕಂಡರೆ ವೈದ್ಯರಿಗೆ "ಹಲ್ಲಿ ತಿನ್ನುತ್ತೆ" ಎಂದು ನೀವಾಗಿಯೇ ಹೇಳಬೇಕು.

ದಿಟ್ಟಿಸುವುದು ಸರಿ, ಗೋಡೆಗೆ ತಲೆ ಒತ್ತಿಕೊಂಡು ಹಾಗೇ ನಿಂತುಬಿಡುವುದು ಸರಿಯಲ್ಲ. ಅದು ಮಿದುಳಿನ ತೊಂದರೆಯ ಗುರುತು, ಅವತ್ತೇ ತೋರಿಸಿ.

ಲಕ್ಷಣ: ಲೋಟ ತಳ್ಳಿ ಬೀಳಿಸುವುದು

ಮೇಜಿನ ಅಂಚಿಗೆ ಪ್ಲಾಸ್ಟಿಕ್ ಮುಚ್ಚಳ ಇಟ್ಟು, ಮೊಬೈಲನ್ನು ವಿಡಿಯೊಗೆ ಹಚ್ಚಿ, ಕೋಣೆಯಿಂದ ಹೊರಗೆ ಹೋಗಿ. ಯಾರೂ ಇಲ್ಲದಾಗಲೂ ತಳ್ಳಿದರೆ ಅದು ಬೇಟೆಯ ಕೈಚಳಕ, ಬಿದ್ದದ್ದು ಅಲುಗುತ್ತದೆಯೇ ಎಂದು ನೋಡುವುದು. ನೀವಿದ್ದಾಗ ಮಾತ್ರ, ಅದೂ ನಿಮ್ಮ ಮುಖ ನೋಡುತ್ತಾ ತಳ್ಳಿದರೆ ಅದಕ್ಕೆ ಬೇಕಾದದ್ದು ನೀವು. ಸ್ಟೀಲ್ ಲೋಟ ನೆಲಕ್ಕೆ ಬಿದ್ದ ಸದ್ದಿಗೆ ಇಡೀ ಮನೆ ಓಡಿ ಬರುತ್ತದೆ, ಇದಕ್ಕಿಂತ ದೊಡ್ಡ ಬಹುಮಾನ ಬೆಕ್ಕಿಗೆ ಬೇರೆ ಇಲ್ಲ. ಬಿದ್ದಾಗ ತಿರುಗಿಯೂ ನೋಡಬೇಡಿ. ಬೀಳಿಸದೆ ಕೂತಿರುವಾಗ ಕರೆದು ಆಡಿಸಿ.

ನೀರಿನ ಬಟ್ಟಲನ್ನೇ ಕೆದಕಿ ಚೆಲ್ಲುವುದು ಬೇರೆ ವಿಷಯ. ನಿಂತ ನೀರಿನ ಮಟ್ಟ ಬೆಕ್ಕಿಗೆ ಸರಿಯಾಗಿ ಕಾಣುವುದಿಲ್ಲ, ಕಿರಿದಾದ ಬಟ್ಟಲಿನ ಅಂಚು ಮೀಸೆಗೆ ತಾಗುತ್ತದೆ. ಅಗಲವಾದ ಸ್ಟೀಲ್ ಬೋಗುಣಿಗೆ ಅಂಚಿನವರೆಗೆ ನೀರು ತುಂಬಿ ಊಟದ ಜಾಗದಿಂದ ದೂರ ಇಡಿ. ಇದೇ ನೆಪದಲ್ಲಿ ಕುಡಿಯುವ ಪ್ರಮಾಣ ಅಳೆಯಿರಿ: 500 ಮಿ.ಲೀ. ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದು ಕಳೆಯಿರಿ. 4 ಕೆಜಿ ಬೆಕ್ಕಿಗೆ ಊಟದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ಸಾಕು. ಅದರ ಎರಡು ಪಟ್ಟು ಕುಡಿಯುತ್ತಿದ್ದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ ಎರಡನ್ನೂ ಶಂಕಿಸಬೇಕು.

ಲಕ್ಷಣ: ಮೈಸೂರು ಪಾಕು ಕದಿಯುವುದು, ಮಣ್ಣು ನೆಕ್ಕುವುದು, ದಾರ ನುಂಗುವುದು

ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕವನ್ನು ಕಟ್ಟುವ ಒಂದು ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟು ನಿಂತಿದೆ ಎಂಬುದು 2005ರಲ್ಲಿ ಪ್ರಕಟವಾಯಿತು. ಮೈಸೂರು ಪಾಕಿನಲ್ಲಿ ಅದು ಹುಡುಕುವುದು ತುಪ್ಪ. ಒಂದು ಚೂರು ನೆಕ್ಕಿದರೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಈರುಳ್ಳಿ, ಬೆಳ್ಳುಳ್ಳಿ: ಸಾಂಬಾರು, ಗೊಜ್ಜು, ಚಿಕನ್ ಸಾರು ಯಾವುದರಲ್ಲಿ ಬೆಂದಿದ್ದರೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತದೆ.

ಕದಿಯುವ ಚಟ ಸಸ್ಯಾಹಾರಿ ಮನೆಗಳಲ್ಲಿ ಹೆಚ್ಚು, ಅದಕ್ಕೆ ಕಾರಣ ಬಟ್ಟಲಿನಲ್ಲಿದೆ. ಹಾಲು ಅನ್ನ, ಮೊಸರನ್ನದಲ್ಲಿ ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಟಾರಿನ್ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಸವೆಯುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಈ ಹೃದಯದ ನಂಟನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಮನೆಯಲ್ಲಿ ಮಾಂಸ ಬೇಯಿಸಲಾಗದವರು ಪ್ಯಾಕೆಟ್ಟಿನ ಪೂರ್ಣ ಆಹಾರ ತರಬೇಕು. ನಾಯಿಯ ಆಹಾರ ಹಾಕಿ ಸರಿದೂಗಿಸಲಾಗದು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ ಎಂಬುದೂ ನೆನಪಿರಲಿ.

ಗೋಡೆಯ ಸುಣ್ಣ, ಕುಂಡದ ಮಣ್ಣು, ಸಿಮೆಂಟು ನೆಕ್ಕುವ ಬೆಕ್ಕಿನ ಒಸಡು ಮತ್ತೆ ನೋಡಿ. ಬಿಳಚಿದ್ದರೆ ರಕ್ತಹೀನತೆ, ಅದರ ಹಿಂದೆ ಚಿಗಟ, ಉಣ್ಣೆ, ಹುಳು ಇರಬಹುದು. ಹುಲ್ಲು ತಿನ್ನುವುದು ಮಾತ್ರ ಸಹಜ. ಒಂದು ಕುಂಡದಲ್ಲಿ ಒಂದು ಮುಷ್ಟಿ ಗೋಧಿ ಅಥವಾ ರಾಗಿ ಚೆಲ್ಲಿ, ಪೈರು ನಾಲ್ಕು ಬೆರಳು ಬಂದಾಗ ಬೆಕ್ಕಿನ ಪಾಲಿಗೆ ಬಿಡಿ, ಅಲಂಕಾರದ ಗಿಡಗಳು ಉಳಿಯುತ್ತವೆ. ಅವುಗಳಲ್ಲಿ ಕಣಗಿಲೆ, ಸೈಕಾಸ್ ಇದ್ದರೆ ಕೊಟ್ಟುಬಿಡಿ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವನ್ನು ಮನೆಯೊಳಗೇ ತರಬೇಡಿ. ಅದರ ಪರಾಗ ಮೈಗಂಟಿ ನೆಕ್ಕಿಕೊಂಡರೂ ಮೂತ್ರಪಿಂಡ ಹೋಗುತ್ತದೆ.

ದಾರದ ವಿಷಯಕ್ಕೆ ಬಂದರೆ, ದೇವರಿಗೆ ಏರಿಸಿ ಬಾಡಿದ ಹೂವಿನ ಮಾಲೆ ನಮ್ಮ ಮನೆಗಳ ದೊಡ್ಡ ಅಪಾಯ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿವೆ, ಬಾಯಿಗೆ ಬಂದ ದಾರವನ್ನು ಉಗುಳಲು ಅದಕ್ಕೆ ಕಷ್ಟ. ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿ ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ಲಾಡಿ ಎಳೆದ ಪೈಜಾಮದಂತೆ ನೆರಿಗೆಗಟ್ಟಿ ಸೀಳುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಲೇಬೇಡಿ. ಹಾಗೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ. ಮಾಲೆ, ತೋರಣದ ನೂಲು, ಗಾಳಿಪಟದ ಮಾಂಜಾ, ಎಲ್ಲವೂ ಮುಚ್ಚಳವಿರುವ ಬುಟ್ಟಿಗೆ.

ಮನೆಮದ್ದು ಮಾಡುವ ಮುನ್ನ

ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಕಾಲು ಚೂರೂ ಬೇಡ. ಬೆಕ್ಕಿನ ಸಹಜ ಉಷ್ಣತೆಯೇ 38ರಿಂದ 39.2 ಡಿಗ್ರಿ ಸೆಲ್ಸಿಯಸ್; ಮುಟ್ಟಿದರೆ ಬಿಸಿ ಎಂಬುದು ಜ್ವರವಲ್ಲ. ನಾಯಿಗೆಂದು ಮಾರುವ ಪರ್ಮೆತ್ರಿನ್ ಇರುವ ಚಿಗಟದ ಔಷಧಿ ಬೆಕ್ಕಿಗೆ ಸೆಳೆತ ತರಿಸುತ್ತದೆ. ಬೀರುವಿನ ನುಸಿ ಗುಳಿಗೆ, ಕರ್ಪೂರ, ನೀಲಗಿರಿ ಎಣ್ಣೆ ಕೈಗೆಟುಕದ ಕಡೆ ಇರಲಿ.

ಲಕ್ಷಣ: ಸೋಫಾ ಕೆರೆಯುವುದು

ಉಗುರಿನ ಹಳೆಯ ಪೊರೆ ಕಳಚುವುದಕ್ಕೆ, ಮೈ ಎಳೆದು ಸಡಿಲಿಸುವುದಕ್ಕೆ, ಅಂಗಾಲಿನ ವಾಸನೆ ಬಿಡುವುದಕ್ಕೆ ಕೆರೆಯಲೇಬೇಕು. ನಿಲ್ಲಿಸಲಾಗದು, ಜಾಗ ಬದಲಿಸಬಹುದು. ಅಂಗಡಿಯ ಕೆರೆಯುವ ಕಂಬಗಳು ಸೋಲುವುದು ಎರಡು ಕಾರಣಕ್ಕೆ: ಗಿಡ್ಡ, ಮತ್ತು ಅಲ್ಲಾಡುತ್ತವೆ. ಮನೆಯಲ್ಲೇ ಮಾಡಿ. ನಾಲ್ಕಿಂಚಿನ ಪಿವಿಸಿ ಪೈಪು 85 ಸೆಂ.ಮೀ., ತಳಕ್ಕೆ 18 ಮಿ.ಮೀ. ಪ್ಲೈವುಡ್ 45×45 ಸೆಂ.ಮೀ., 8 ಮಿ.ಮೀ. ದಪ್ಪದ ಸಿಸಲ್ ಅಥವಾ ತೆಂಗಿನ ನಾರಿನ ಹಗ್ಗ. 80 ಸೆಂ.ಮೀ. ಎತ್ತರ ಸುತ್ತಲು 100 ಸುತ್ತು, ಸುತ್ತಿಗೆ 37 ಸೆಂ.ಮೀ. ಎಂದರೆ 37 ಮೀಟರ್. 40 ಮೀಟರ್ ತನ್ನಿ. ನುಣುಪು ಪೈಪಿನ ಮೇಲೆ ಹಗ್ಗ ಜಾರುತ್ತದೆ, ಮೊದಲು ಗೋಣಿಚೀಲದ ಒಂದು ಸುತ್ತು ಅಂಟಿಸಿ ಅದರ ಮೇಲೆ ಬಿಗಿಯಾಗಿ ಸುತ್ತಿ. ಪೈಪಿನೊಳಗೆ ತಳದ ಮೂರನೇ ಒಂದು ಭಾಗ ಮರಳು ತುಂಬಿದರೆ ಅಲುಗುವುದಿಲ್ಲ. ಇದನ್ನು ಮೂಲೆಗೆ ತಳ್ಳಬೇಡಿ, ಕೆರೆಯುತ್ತಿರುವ ಸೋಫಾದ ಆ ಕೈಗೆ ತಾಗಿಸಿಯೇ ಇಡಿ. ಒಂದು ತಿಂಗಳ ನಂತರ ದಿನಕ್ಕೊಂದು ಗೇಣಿನಂತೆ ಸರಿಸಿ.

ದೋಷವೇ ಅಲ್ಲದವು

ಸೆಟ್‌ಟಾಪ್ ಬಾಕ್ಸ್, ರೌಟರ್, ಲ್ಯಾಪ್‌ಟಾಪ್ ಮೇಲೆ ಕೂರುವುದು: ಬೆಕ್ಕಿಗೆ ಮೈ ಕಾಯಿಸಿಕೊಳ್ಳುವ ಖರ್ಚಿಲ್ಲದ ಹಿತದ ಉಷ್ಣತೆ 30 ಡಿಗ್ರಿಯಿಂದ ಮೇಲೆ, ಬೆಂಗಳೂರಿನ ಡಿಸೆಂಬರ್ ರಾತ್ರಿ ಅದಕ್ಕೆ ಥಂಡಿ. ತಂದುಕೊಟ್ಟ ಹಾಸಿಗೆ ಬಿಟ್ಟು ರಟ್ಟಿನ ಡಬ್ಬಿಯಲ್ಲಿ ಕೂರುವುದು: ಮೂರು ಬದಿ ಗೋಡೆ ಇದ್ದರೆ ಧೈರ್ಯ. ನೆದರ್ಲೆಂಡ್ಸಿನ ಆಶ್ರಯತಾಣವೊಂದರಲ್ಲಿ ಡಬ್ಬಿ ಸಿಕ್ಕ ಹೊಸ ಬೆಕ್ಕುಗಳು ಸಿಗದವಕ್ಕಿಂತ ಬೇಗ ಹೊಂದಿಕೊಂಡವು ಎಂದು 2014ರ ಅಧ್ಯಯನವೊಂದು ತೋರಿಸಿದೆ. ನಿಮ್ಮ ಹೊಟ್ಟೆಯನ್ನು ಚಪಾತಿ ಹಿಟ್ಟಿನಂತೆ ನಾದುವುದು ಹಾಲು ಕುಡಿಯುವಾಗಿನ ಮರಿ ಅಭ್ಯಾಸ. ಸಾಕ್ಸ್ ಮೂಸಿ ಬಾಯಿ ಅರ್ಧ ತೆರೆದು ಸ್ತಬ್ಧವಾಗುವುದು ಅಸಹ್ಯದಿಂದಲ್ಲ. ಅಂಗುಳಿನ ಮೇಲಿನ ಇನ್ನೊಂದು ವಾಸನೆಯ ಅಂಗಕ್ಕೆ ಗಾಳಿ ಕಳಿಸುತ್ತಿದೆ. ಕುಪ್ಪಿಗಿಡದ ಬೇರು ಕಿತ್ತ ಕಡೆ ಹೊರಳಾಡುವುದು ಅದರ ವಾಸನೆಯ ಅಮಲು, ಹೊರಳಲಿ, ತಿನ್ನಲು ಮಾತ್ರ ಬಿಡಬೇಡಿ. ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯುವುದು ಸ್ನೇಹ. ನೀವೂ ಹಾಗೇ ಮಾಡಿದರೆ ಬೆಕ್ಕು ಮರಳಿ ಮಾಡುವ ಸಂಭವ ಹೆಚ್ಚು ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ ಬರೆದಿದ್ದಾರೆ.

ಪಾರಿವಾಳ ಕಂಡು ಹಲ್ಲು ಕಟಕಟಿಸುವುದೂ ಸಹಜವೇ, ಆದರೆ ಅದನ್ನು ಕಂಡ ದಿನವೇ ಬಾಲ್ಕನಿ ನೋಡಿ. ಪಾರಿವಾಳಕ್ಕೆಂದು ಹಾಕಿಸಿದ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು. ಸ್ಟೀಲ್ ತಂತಿಯ ಜಾಲರಿ, ಕಣ್ಣು 2.5 ಸೆಂ.ಮೀ. ಮೀರದಂತೆ, ನಾಲ್ಕೂ ಅಂಚು ಚೌಕಟ್ಟಿಗೆ ತಿರುಪಿನಲ್ಲಿ ಬಿಗಿದಿರಬೇಕು.

ಲಕ್ಷಣ: ಪಟಾಕಿ ಸದ್ದಿಗೆ ಬೆಕ್ಕು ಕಾಣೆ

ದೀಪಾವಳಿಯ ಮೂರು ದಿನ ಸಂಜೆ ಐದಕ್ಕೇ ಕಿಟಕಿ ಮುಚ್ಚಿ, ಬೀರುವಿನ ಒಂದು ಬಾಗಿಲು ತೆರೆದಿಟ್ಟು ಒಳಗೆ ನಿಮ್ಮ ಹಳೆಯ ಬಟ್ಟೆ ಹಾಸಿ. ಅಡಗಿದ ಬೆಕ್ಕನ್ನು ಹೊರಗೆಳೆಯಬೇಡಿ.

ಆದರೂ ಹೊರಗೆ ಹೋಯಿತು ಎಂದರೆ, ಮನೆಯೊಳಗೇ ಬೆಳೆದ ಬೆಕ್ಕು ದೂರ ಓಡುವುದು ಕಡಿಮೆ. ಅದೇ ಕಟ್ಟಡ ಅಥವಾ ಅಕ್ಕಪಕ್ಕದ ಎರಡು ಮೂರು ಮನೆಗಳಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ನಿಮ್ಮ ದನಿ ಕೇಳಿದರೂ ಉತ್ತರ ಕೊಡುವುದಿಲ್ಲ, ಹಾಗಾಗಿ ಕೂಗಿ ಉತ್ತರ ಬರದ ಜಾಗವನ್ನು "ಇಲ್ಲಿಲ್ಲ" ಎಂದು ಬಿಡಬೇಡಿ. ರಾತ್ರಿ ಹನ್ನೊಂದರ ಮೇಲೆ, ಮತ್ತೆ ನಾಲ್ಕರ ಸುಮಾರಿಗೆ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದು ನೆಲದುದ್ದಕ್ಕೂ ಬಿಡಿ, ಕಣ್ಣು ಹಸಿರಾಗಿ ಹೊಳೆಯುತ್ತದೆ. ಸಂಪ್‌ನ ಮುಚ್ಚಳದ ಸಂದು, ಜನರೇಟರ್ ಹಿಂದೆ, ಪೈಪುಗಳ ಡಕ್ಟ್, ಕಿಟಕಿಯ ಸಜ್ಜಾ, ಲಿಫ್ಟ್ ಮಷಿನ್ ರೂಮು, ಮೆಟ್ಟಿಲಡಿಯ ಸೈಕಲ್ ರಾಶಿ, ಕಾರಿನ ಬಾನೆಟ್ಟಿನ ಒಳಗೆ. ಬೆಳಗ್ಗೆ ಕಾರು ತೆಗೆಯುವವರೆಲ್ಲ ಒಮ್ಮೆ ಬಾನೆಟ್ ತಟ್ಟುವಂತೆ ವಾಚ್‌ಮನ್‌ಗೆ ಹೇಳಿಡಿ. ಕಂಡ ಮೇಲೆ ನಿಂತು ಕೈ ಚಾಚಬೇಡಿ. ನೆಲಕ್ಕೆ ಕೂತು, ಮುಖ ಪಕ್ಕಕ್ಕೆ ತಿರುಗಿಸಿ, ಊಟದ ಡಬ್ಬಿ ಮೆಲ್ಲಗೆ ಅಲ್ಲಾಡಿಸಿ ಕಾಯಿರಿ. ಅರ್ಧ ಗಂಟೆಯೂ ಹಿಡಿಯಬಹುದು. ನಾಲ್ಕೈದು ದಿನ ಹಸಿದು ಬಂದ ಬೆಕ್ಕಿಗೆ ಬಟ್ಟಲು ತುಂಬ ಹಾಕದೆ, ಎರಡು ಚಮಚದಂತೆ ಮೂರು ನಾಲ್ಕು ಗಂಟೆಗೊಮ್ಮೆ ಕೊಡಿ, ನೀರು ಪಕ್ಕದಲ್ಲೇ ಇರಲಿ, ಮರುದಿನವೇ ವೈದ್ಯರಿಗೆ ತೋರಿಸಿ.